ರಗ್ಬಿಯ ಶ್ರೇಷ್ಠ ಆಟಗಾರರನ್ನು ಹೋಲಿಸುವ ಬಗೆ: ಹಂತ ಹಂತವಾದ ಸಮಗ್ರ ಮಾರ್ಗದರ್ಶಿ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ರಗ್ಬಿ ನೋಡುವವರು ಕಡಿಮೆ, ಆದರೆ ನೋಡುವವರು ಮನಸ್ಸಿಟ್ಟು ನೋಡುತ್ತಾರೆ. ನ್ಯೂಜಿಲೆಂಡಿನ ಚಳಿಗಾಲದಲ್ಲಿ ಸಂಜೆ ಏಳಕ್ಕೆ ಶುರುವಾಗುವ ಟೆಸ್ಟ್ ಪಂದ್ಯ, ಅಂದರೆ ಅಂತರರಾಷ್ಟ್ರೀಯ ಪಂದ್ಯ, ನಮಗೆ ಮಧ್ಯಾಹ್ನ ಹನ್ನೆರಡೂವರೆಗೆ ಸಿಗುತ್ತದೆ. ದಕ್ಷಿಣ ಆಫ್ರಿಕಾದ ಸಂಜೆ ಐದರ ಪಂದ್ಯ ಇಲ್ಲಿ ರಾತ್ರಿ ಎಂಟೂವರೆಗೆ ಬರುತ್ತದೆ. ಚಿಕ್ಕಮಗಳೂರಿನಲ್ಲಿ ಗೆಳೆಯರು ಸೇರಿ ನೋಡುವಾಗ, ಮೂಡಿಗೆರೆಯಿಂದಲೋ ಬೇಲೂರಿನಿಂದಲೋ ಯಾರಾದರೂ ಬಂದು ಕೂಡಿಕೊಂಡಾಗ, ಆಟ ಮುಗಿದ ಮೇಲೆ ಏಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇವರೆಲ್ಲರಲ್ಲಿ ಅತಿ ಶ್ರೇಷ್ಠ ಯಾರು? ಒಬ್ಬರು ನ್ಯೂಜಿಲೆಂಡಿನ ಡ್ಯಾನ್ ಕಾರ್ಟರ್ ಎನ್ನುತ್ತಾರೆ, ಇನ್ನೊಬ್ಬರು ಅದೇ ತಂಡದ ರಿಚೀ ಮೆಕಾ ಎನ್ನುತ್ತಾರೆ, ಮತ್ತೊಬ್ಬರು ಫ್ರಾನ್ಸ್‌ನ ಅಂಟ್ವಾನ್ ಡ್ಯುಪಾಂ ಹೆಸರು ಹೇಳುತ್ತಾರೆ. ಆಮೇಲೆ ಫೋನಿನಲ್ಲಿ ಒಟ್ಟು ಅಂಕಗಳ ಪಟ್ಟಿ ತೆರೆದು ವಾದ ಅಲ್ಲಿಗೇ ನಿಲ್ಲುತ್ತದೆ.

ಅಂಕಪಟ್ಟಿಯಲ್ಲಿ ಕಾಣುವುದು ಕೊನೆಯಲ್ಲಿ ಚೆಂಡನ್ನು ಒದ್ದವನ ಅಥವಾ ಗೆರೆ ದಾಟಿ ನೆಲಕ್ಕೆ ಮುಟ್ಟಿಸಿದವನ ಹೆಸರು ಮಾತ್ರ. ಹದಿನೈದು ಜನರ ಆಟದಲ್ಲಿ ಬಹುಪಾಲು ಆಟಗಾರರ ದುಡಿಮೆ ಆ ಪಟ್ಟಿಗೆ ಸೇರುವುದೇ ಇಲ್ಲ. ಆದ್ದರಿಂದ ಹೋಲಿಕೆಯನ್ನು ಅಂಕದಿಂದಲ್ಲ, ಆಟಗಾರನಿಗೆ ವಹಿಸಿದ ಕೆಲಸದಿಂದ ಆರಂಭಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಹಂತಗಳನ್ನು ಆ ಕ್ರಮದಲ್ಲೇ ಜೋಡಿಸಿದ್ದೇನೆ.

ಹಂತ 1: ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೀರಿ ಎಂಬುದನ್ನು ಬರೆದಿಡಿ

‘ಶ್ರೇಷ್ಠ’ ಎಂದಾಗ ನಾವು ಕೇಳುತ್ತಿರುವುದು ಬೇರೆ ಬೇರೆ ಪ್ರಶ್ನೆಗಳಾಗಿರಬಹುದು. ತನ್ನ ಉಚ್ಛ್ರಾಯದ ದಿನಗಳಲ್ಲಿ ಯಾರನ್ನು ತಡೆಯುವುದು ಅತಿ ಕಷ್ಟವಾಗಿತ್ತು ಎಂಬುದು ಒಂದು ಪ್ರಶ್ನೆ. ಹತ್ತು ಹನ್ನೆರಡು ವರ್ಷ ಒಂದೇ ಮಟ್ಟವನ್ನು ಉಳಿಸಿಕೊಂಡವರು ಯಾರು ಎಂಬುದು ಇನ್ನೊಂದು. ಕೊನೆಯ ನಿಮಿಷದಲ್ಲಿ ಪಂದ್ಯ ಗೆಲ್ಲಿಸಲು ಯಾರನ್ನು ನಂಬಬಹುದು ಎಂಬುದು ಮೂರನೆಯದು. ಮೂರಕ್ಕೂ ಉತ್ತರ ಒಬ್ಬನೇ ಆಗಿರಬೇಕಿಲ್ಲ.

ನ್ಯೂಜಿಲೆಂಡಿನ ಜೋನಾ ಲೋಮು ಮತ್ತು ದಕ್ಷಿಣ ಆಫ್ರಿಕಾದ ಬ್ರಯಾನ್ ಹಬಾನ ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟರೆ ಇದು ಸ್ಪಷ್ಟವಾಗುತ್ತದೆ. ಇಬ್ಬರೂ ವಿಂಗ್ ಆಟಗಾರರು, ಅಂದರೆ ಮೈದಾನದ ಅಂಚಿನಲ್ಲಿ ಓಡುವವರು. ವಿಶ್ವಕಪ್ಪಿನಲ್ಲಿ ಇಬ್ಬರೂ ತಲಾ 15 ಟ್ರೈ (ಗೋಲ್ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಗಳಿಸಿದ್ದಾರೆ. ಲೋಮು ಅವನ್ನು 1995 ಮತ್ತು 1999ರ ಎರಡೇ ವಿಶ್ವಕಪ್‌ಗಳಲ್ಲಿ ಗಳಿಸಿದರೆ, ಹಬಾನ 2007, 2011, 2015ರ ಮೂರು ವಿಶ್ವಕಪ್‌ಗಳಲ್ಲಿ ಗಳಿಸಿದರು. ಸುಮಾರು 1.96 ಮೀಟರ್ ಎತ್ತರದ, ಮುಂದಿನ ಸಾಲುಗಳಲ್ಲಿ ತಳ್ಳುವ ಫಾರ್ವರ್ಡ್ ಆಟಗಾರನ ಮೈಕಟ್ಟಿನ ಲೋಮು 1995ರ ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ವಿರುದ್ಧ ನಾಲ್ಕು ಟ್ರೈ ಹೊಡೆದ ದಿನ, ಆ ಸ್ಥಾನದಲ್ಲಿ ಹಾಗೆ ಆಡಿದವರನ್ನು ಜಗತ್ತು ಅದುವರೆಗೆ ಕಂಡಿರಲಿಲ್ಲ. ಆದರೆ ಮೂತ್ರಪಿಂಡದ ಕಾಯಿಲೆ ಅವರ ಟೆಸ್ಟ್ ಬದುಕನ್ನು 63 ಪಂದ್ಯ, 37 ಟ್ರೈಗಳಿಗೆ ನಿಲ್ಲಿಸಿತು. ಹಬಾನ 124 ಟೆಸ್ಟ್ ಆಡಿ 67 ಟ್ರೈ ಗಳಿಸಿದರು. ‘ಉಚ್ಛ್ರಾಯ’ ಎಂಬ ಪ್ರಶ್ನೆಗೆ ನನ್ನ ಉತ್ತರ ಲೋಮು. ‘ಇಡೀ ಆಟದ ಬದುಕು’ ಎಂಬ ಪ್ರಶ್ನೆಗೆ ಹಬಾನ. ಪ್ರಶ್ನೆಯನ್ನು ಮೊದಲೇ ಬರೆದಿಡದಿದ್ದರೆ ಈ ಎರಡೂ ಉತ್ತರಗಳು ಒಂದಕ್ಕೊಂದು ವಿರುದ್ಧವೆಂಬಂತೆ ಕಾಣುತ್ತವೆ.

ಹಂತ 2: ಆಟಗಾರನ ಸ್ಥಾನವನ್ನು ಗುರುತಿಸಿ, ಆ ಸ್ಥಾನದ ಕೆಲಸವನ್ನು ಪಟ್ಟಿ ಮಾಡಿ

ಕಬಡ್ಡಿಯಲ್ಲಿ ರೈಡರ್‌ನ ಅಂಕಗಳನ್ನೂ ಎಡ ಕಾರ್ನರ್‌ನಲ್ಲಿ ನಿಂತು ಕಾಲು ಹಿಡಿಯುವವನ ಅಂಕಗಳನ್ನೂ ಒಂದೇ ಸಾಲಿನಲ್ಲಿ ಕೂಡಿ ‘ಇವನೇ ದೊಡ್ಡವನು’ ಎಂದು ನಮ್ಮೂರಿನ ಯಾವ ಪ್ರೇಕ್ಷಕನೂ ಹೇಳುವುದಿಲ್ಲ. ರಗ್ಬಿಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಅಂಗಿಯ ಮೇಲಿನ ಸಂಖ್ಯೆಯೇ ಕೆಲಸವನ್ನು ಹೇಳುತ್ತದೆ.

1ರಿಂದ 8ರವರೆಗಿನವರು ಫಾರ್ವರ್ಡ್‌ಗಳು. 1 ಮತ್ತು 3 ಪ್ರಾಪ್, 2 ಹುಕರ್, 4 ಮತ್ತು 5 ಲಾಕ್, 6 ಮತ್ತು 7 ಫ್ಲ್ಯಾಂಕರ್, 8 ನಂಬರ್ ಎಯ್ಟ್. 9ರಿಂದ 15ರವರೆಗಿನವರು ಬ್ಯಾಕ್‌ಗಳು. 9 ಸ್ಕ್ರಮ್ ಹಾಫ್, 10 ಫ್ಲೈ ಹಾಫ್, 12 ಮತ್ತು 13 ಸೆಂಟರ್, 11 ಮತ್ತು 14 ವಿಂಗ್, 15 ಫುಲ್‌ಬ್ಯಾಕ್. ಸ್ಕ್ರಮ್‌ನಲ್ಲಿ (ಎರಡೂ ತಂಡಗಳ ಎಂಟೆಂಟು ಜನ ಹೆಣೆದುಕೊಂಡು ತಳ್ಳಾಡುವ ಕಡೆ) ತಳ್ಳುವುದು, ಲೈನ್‌ಔಟ್‌ನಲ್ಲಿ (ಹೊರಹೋದ ಚೆಂಡನ್ನು ಪಕ್ಕದ ಗೆರೆಯಿಂದ ಒಳಗೆಸೆಯುವಾಗ) ಚೆಂಡು ಹಿಡಿಯುವುದು, ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು) ಆದ ಕಡೆಗೆ ಮೊದಲು ತಲುಪುವುದು ಫಾರ್ವರ್ಡ್‌ಗಳ ಕೆಲಸ. 9 ಮತ್ತು 10 ಆಟವನ್ನು ನಡೆಸುವವರು. ಉಳಿದ ಬ್ಯಾಕ್‌ಗಳು ಜಾಗ ಹುಡುಕಿ ಓಡುವವರು, ಎದುರಾಳಿಗೆ ಆ ಜಾಗ ಸಿಗದಂತೆ ಮುಚ್ಚುವವರು.

ಇಲ್ಲಿ ಒಂದು ಪಂದ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2019ರ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಇಂಗ್ಲೆಂಡನ್ನು 32–12ರಿಂದ ಸೋಲಿಸಿತು. ಅಂಕಪಟ್ಟಿ ತೆರೆದರೆ ಎದ್ದು ಕಾಣುವ ಹೆಸರು ಹಾಂಡ್ರೆ ಪೊಲಾರ್ಡ್: ಆರು ಪೆನಾಲ್ಟಿ (ಎದುರಾಳಿಯ ತಪ್ಪಿಗೆ ಸಿಗುವ ಒದೆತ), ಎರಡು ಕನ್ವರ್ಷನ್ (ಟ್ರೈ ನಂತರದ ಒದೆತ), ಒಟ್ಟು 22 ಅಂಕ. ಆದರೆ ಆ ಪೆನಾಲ್ಟಿಗಳು ಎಲ್ಲಿಂದ ಬಂದವು ಎಂದು ಕೇಳಿದರೆ ಕಣ್ಣು ಸ್ಕ್ರಮ್ ಕಡೆಗೆ ಹೊರಳಬೇಕಾಗುತ್ತದೆ. ಇಂಗ್ಲೆಂಡಿನ ಬಲಗಡೆಯ ಪ್ರಾಪ್ ಕೈಲ್ ಸಿಂಕ್ಲರ್ ಆರಂಭದ ಕೆಲವೇ ನಿಮಿಷಗಳಲ್ಲಿ ತಲೆಗೆ ಪೆಟ್ಟಾಗಿ ಹೊರಗೆ ಹೋದರು. ಅವರ ಜಾಗಕ್ಕೆ ಬಂದ ಡ್ಯಾನ್ ಕೋಲ್ ಎದುರು ದಕ್ಷಿಣ ಆಫ್ರಿಕಾದ ಪ್ರಾಪ್ ಟೆಂಡಾಯಿ ಎಂಟಾವರಿರಾ ತಲೆ ತಗ್ಗಿಸಿ ನಿಂತರು. ಎಂಟಾವರಿರಾ ತಳ್ಳಿದಂತೆಲ್ಲ ಇಂಗ್ಲೆಂಡಿನ ಸ್ಕ್ರಮ್ ಕುಸಿಯಿತು, ಹಿಂದೆ ಸರಿಯಿತು, ರೆಫರಿ ಪೆನಾಲ್ಟಿ ಕೊಟ್ಟರು. ಅಂಕ ಪೊಲಾರ್ಡ್ ಹೆಸರಿಗೆ ಹೋಯಿತು. ಅದು ಎಂಟಾವರಿರಾ ಅವರ 117ನೆಯ ಮತ್ತು ಕೊನೆಯ ಟೆಸ್ಟ್. ಅವರ ಹೆಸರಿನ ಮುಂದೆ ಆ ದಿನ ಒಂದು ಅಂಕವೂ ಇಲ್ಲ.

ಪ್ರಶಸ್ತಿಗಳೂ ಈ ವಿಷಯದಲ್ಲಿ ನ್ಯಾಯ ಒದಗಿಸಿಲ್ಲ. 2001ರಿಂದ 2024ರವರೆಗೆ ಪುರುಷರ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ಒಬ್ಬ ಪ್ರಾಪ್ ಆಟಗಾರನೂ ಪಡೆಯಲಿಲ್ಲ, ಒಬ್ಬ ಸೆಂಟರ್ ಆಟಗಾರನೂ ಪಡೆಯಲಿಲ್ಲ. ಐರ್ಲೆಂಡ್ ಪರ 133 ಮತ್ತು ಬ್ರಿಟಿಷ್–ಐರಿಷ್ ಲಯನ್ಸ್ (ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್‌ಗಳ ಜಂಟಿ ತಂಡ) ಪರ 8 ಟೆಸ್ಟ್ ಆಡಿ ಒಂದೂವರೆ ದಶಕ ಸೆಂಟರ್ ಸ್ಥಾನದ ಮಾನದಂಡವೇ ಆಗಿದ್ದ ಬ್ರಯಾನ್ ಒ’ಡ್ರಿಸ್ಕಾಲ್ ಅವರಿಗೂ ಅದು ಸಿಗಲಿಲ್ಲ. ಹಾಗಾಗಿ ಪ್ರಶಸ್ತಿಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೋಲಿಕೆ ಆರಂಭಿಸುವವರು ಕೆಲವು ಸ್ಥಾನಗಳನ್ನು ಮೊದಲೇ ಹೊರಗಿಟ್ಟಂತೆ ಆಗುತ್ತದೆ.

ಹಂತ 3: ಒಟ್ಟು ಅಂಕವನ್ನು ಬಿಡಿಸಿ ನೋಡಿ

ಇಬ್ಬರೂ ಒಂದೇ ಸ್ಥಾನದವರಾಗಿದ್ದು, ಆ ಸ್ಥಾನದ ಕೆಲಸದಲ್ಲಿ ಅಂಕ ಗಳಿಸುವುದೂ ಸೇರಿದ್ದರೆ, ಆಗ ಅಂಕಗಳನ್ನು ತೆಗೆದುಕೊಳ್ಳಬಹುದು. ಆದರೆ ಒಟ್ಟು ಮೊತ್ತವನ್ನಲ್ಲ, ಅದರ ಭಾಗಗಳನ್ನು. ಇಂದಿನ ನಿಯಮದಂತೆ ಟ್ರೈಗೆ 5, ಟ್ರೈ ನಂತರದ ಕನ್ವರ್ಷನ್‌ಗೆ 2, ಪೆನಾಲ್ಟಿ ಒದೆತಕ್ಕೆ 3, ಆಟದ ನಡುವೆ ಚೆಂಡನ್ನು ನೆಲಕ್ಕೆ ಬೀಳಿಸಿ ಒದೆಯುವ ಡ್ರಾಪ್ ಗೋಲ್‌ಗೆ 3 ಅಂಕ.

ಫ್ಲೈ ಹಾಫ್‌ಗಳಾದ ಕಾರ್ಟರ್ ಮತ್ತು ಇಂಗ್ಲೆಂಡಿನ ಜಾನಿ ವಿಲ್ಕಿನ್ಸನ್ ಅವರ ಹೋಲಿಕೆ ಇದಕ್ಕೆ ಅತ್ಯುತ್ತಮ ಪಾಠ. ಕಾರ್ಟರ್ 112 ಟೆಸ್ಟ್‌ಗಳಲ್ಲಿ 1598 ಅಂಕ ಗಳಿಸಿದರು; ಅದರಲ್ಲಿ 29 ಟ್ರೈ, 293 ಕನ್ವರ್ಷನ್, 281 ಪೆನಾಲ್ಟಿ, 8 ಡ್ರಾಪ್ ಗೋಲ್. ವಿಲ್ಕಿನ್ಸನ್ ಇಂಗ್ಲೆಂಡ್ ಪರ 91 ಮತ್ತು ಲಯನ್ಸ್ ಪರ 6 ಸೇರಿ 97 ಟೆಸ್ಟ್‌ಗಳಲ್ಲಿ 1246 ಅಂಕ ಗಳಿಸಿದರು. ಅದರಲ್ಲಿ 7 ಟ್ರೈ, 169 ಕನ್ವರ್ಷನ್, 255 ಪೆನಾಲ್ಟಿ, 36 ಡ್ರಾಪ್ ಗೋಲ್. ಸರಾಸರಿ ತೆಗೆದರೆ ಪಂದ್ಯವೊಂದಕ್ಕೆ ಕಾರ್ಟರ್ 14.3, ವಿಲ್ಕಿನ್ಸನ್ 12.8.

ಇಷ್ಟಕ್ಕೇ ನಿಲ್ಲಿಸಿದರೆ ಕಾರ್ಟರ್ ಗೆದ್ದಂತೆ ಕಾಣುತ್ತದೆ. ಈಗ ಭಾಗಗಳನ್ನು ನೋಡಿ. ಕನ್ವರ್ಷನ್ ಒದೆಯಬೇಕಾದರೆ ಮೊದಲು ಯಾರಾದರೂ ಟ್ರೈ ಗಳಿಸಿರಬೇಕು. ಕಾರ್ಟರ್ ಅವರ 293 ಕನ್ವರ್ಷನ್‌ಗಳಲ್ಲಿ ನ್ಯೂಜಿಲೆಂಡ್ ತಂಡ ಧಾರಾಳವಾಗಿ ಗಳಿಸಿದ ಟ್ರೈಗಳ ಪಾಲಿದೆ. ಕನ್ವರ್ಷನ್‌ಗಳನ್ನು ಪಕ್ಕಕ್ಕಿಟ್ಟು ಉಳಿದುದನ್ನು ಮಾತ್ರ ಲೆಕ್ಕ ಹಾಕಿದರೆ ಕಾರ್ಟರ್ ಅವರಿಗೆ 1012, ವಿಲ್ಕಿನ್ಸನ್ ಅವರಿಗೆ 908 ಅಂಕ ಉಳಿಯುತ್ತದೆ. ಪಂದ್ಯವೊಂದಕ್ಕೆ ಕ್ರಮವಾಗಿ 9.0 ಮತ್ತು 9.4. ಅಂತರ ತಲೆಕೆಳಗಾಯಿತು. ಇದರಿಂದ ವಿಲ್ಕಿನ್ಸನ್ ಮೇಲು ಎಂದು ಸಾಬೀತಾಗುವುದಿಲ್ಲ, ಏಕೆಂದರೆ ಕನ್ವರ್ಷನ್ ಒದೆಯುವುದೂ ಒಂದು ಕೌಶಲವೇ. ಸರಾಸರಿಯ ಅಂತರವು ಒದೆಯುವ ಕಾಲಿಗಿಂತ ತಂಡದ ಸ್ವಭಾವವನ್ನೇ ಹೆಚ್ಚು ತೋರಿಸುತ್ತಿತ್ತು ಎಂಬುದು ಮಾತ್ರ ಇದರಿಂದ ತಿಳಿಯುತ್ತದೆ.

ನಿಜವಾದ ವ್ಯತ್ಯಾಸ ಇರುವುದು 29 ಮತ್ತು 7 ಎಂಬ ಟ್ರೈ ಸಂಖ್ಯೆಗಳಲ್ಲಿ, 8 ಮತ್ತು 36 ಎಂಬ ಡ್ರಾಪ್ ಗೋಲ್ ಸಂಖ್ಯೆಗಳಲ್ಲಿ. ಕಾರ್ಟರ್ ಚೆಂಡು ಹಿಡಿದು ರಕ್ಷಣಾ ಸಾಲಿನ ಬಳಿಗೇ ಓಡುತ್ತಿದ್ದರು, ಬಿರುಕು ಕಂಡರೆ ಒಳನುಗ್ಗುತ್ತಿದ್ದರು. 2005ರಲ್ಲಿ ವೆಲಿಂಗ್ಟನ್‌ನಲ್ಲಿ ಲಯನ್ಸ್ ವಿರುದ್ಧ ಅವರು ಒಬ್ಬರೇ 33 ಅಂಕ ಗಳಿಸಿದ ಪಂದ್ಯದಲ್ಲಿ ಎರಡು ಟ್ರೈ ಸೇರಿದ್ದವು. ವಿಲ್ಕಿನ್ಸನ್ ಸ್ವಲ್ಪ ಹಿಂದೆ ನಿಂತು, ಮುಂದಿನ ಎಂಟು ಜನರ ಬಲವನ್ನು ಅಂಕವಾಗಿ ಮಾಡುವವರು. 2003ರ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಇಂಗ್ಲೆಂಡಿನ 24 ಅಂಕಗಳೂ ಅವರವೇ. ಫೈನಲ್‌ನಲ್ಲಿ ಹೆಚ್ಚುವರಿ ಸಮಯ ಮುಗಿಯಲು ಅರ್ಧ ನಿಮಿಷವೂ ಉಳಿದಿಲ್ಲದಿದ್ದಾಗ, ಎಡಗಾಲಿನ ಆಟಗಾರರಾದ ಅವರು ಬಲಗಾಲಿನಿಂದ ಒದ್ದ ಡ್ರಾಪ್ ಗೋಲ್ ಆಸ್ಟ್ರೇಲಿಯಾವನ್ನು 20–17ರಿಂದ ಸೋಲಿಸಿತು.

ಒಂದು ಒದೆತಕ್ಕೆ ನಾನು ವಿಲ್ಕಿನ್ಸನ್ ಅವರನ್ನು ಕರೆಯುತ್ತೇನೆ. ಎಂಬತ್ತು ನಿಮಿಷದ ಆಟ ನಡೆಸಲು ಕಾರ್ಟರ್ ಅವರನ್ನು. ಕಾರ್ಟರ್‌ಗೆ ಕೊನೆಯ ಗಳಿಗೆಯ ಧೈರ್ಯ ಇರಲಿಲ್ಲ ಎಂದು ಯಾರಾದರೂ ಹೇಳಿದರೆ 2015ನ್ನು ನೆನಪಿಸಬೇಕು: ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 20–18ರಿಂದ ದಾಟಿದ ಪಂದ್ಯದ ಡ್ರಾಪ್ ಗೋಲ್, ಆಮೇಲೆ ಆಸ್ಟ್ರೇಲಿಯಾ ವಿರುದ್ಧದ ಫೈನಲ್‌ನಲ್ಲಿ 19 ಅಂಕ.

ಇನ್ನೊಂದು ಮಾತು. ಅಂಕ ಗಳಿಸುವುದು ಯಾವ ಸ್ಥಾನದ ಕೆಲಸವಲ್ಲವೋ ಆ ಸ್ಥಾನದವನು ಗಳಿಸಿದ ಅಂಕ ಹೆಚ್ಚುವರಿ ಗುಣವೆಂದು ಬರೆದುಕೊಳ್ಳಿ, ಮೂಲ ಅಳತೆಯಾಗಿ ಅಲ್ಲ. ಆಸ್ಟ್ರೇಲಿಯಾದ ಜಾನ್ ಈಲ್ಸ್ ಲಾಕ್ ಆಗಿದ್ದೂ 86 ಟೆಸ್ಟ್‌ಗಳಲ್ಲಿ 173 ಅಂಕ ಗಳಿಸಿದರು, 2000ದಲ್ಲಿ ವೆಲಿಂಗ್ಟನ್‌ನಲ್ಲಿ ಕೊನೆಯ ಪೆನಾಲ್ಟಿ ಒದ್ದು ನ್ಯೂಜಿಲೆಂಡನ್ನು 24–23ರಿಂದ ಮಣಿಸಿದರು. ಆದರೂ ಅವರು ಶ್ರೇಷ್ಠ ಲಾಕ್ ಎನಿಸಿಕೊಂಡದ್ದು ಲೈನ್‌ಔಟ್‌ನಿಂದ.

ಹಂತ 4: ಎದುರಾಳಿ ಯಾರೆಂದು ನೋಡಿ

1995ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಜಪಾನನ್ನು 145–17ರಿಂದ ಸೋಲಿಸಿತು. ಆ ಪಂದ್ಯದಲ್ಲಿ ಸೈಮನ್ ಕಲ್ಹೇನ್ 20 ಕನ್ವರ್ಷನ್ ಮತ್ತು ಒಂದು ಟ್ರೈ ಸೇರಿ 45 ಅಂಕ ಗಳಿಸಿದರು; ಮಾರ್ಕ್ ಎಲ್ಲಿಸ್ ಆರು ಟ್ರೈ ಹೊಡೆದರು. ಎರಡೂ ಪುರುಷರ ವಿಶ್ವಕಪ್ ದಾಖಲೆಗಳು. ಈ ಒಂದು ಮಧ್ಯಾಹ್ನದ ಅಂಕಗಳನ್ನು ಹಿಡಿದು ಕಲ್ಹೇನ್ ಅವರನ್ನು ಕಾರ್ಟರ್ ಸಮಕ್ಕೆ ನಿಲ್ಲಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದೇ ತಪ್ಪು ಚಿಕ್ಕ ಪ್ರಮಾಣದಲ್ಲಿ ಪ್ರತಿ ಪಟ್ಟಿಯಲ್ಲೂ ನುಸುಳಿರುತ್ತದೆ. ಪುರುಷರ ಟೆಸ್ಟ್ ಟ್ರೈಗಳ ದಾಖಲೆ ಜಪಾನಿನ ದೈಸುಕೆ ಓಹಾತ ಅವರದು: 58 ಪಂದ್ಯಗಳಲ್ಲಿ 69. ಅವುಗಳಲ್ಲಿ ಬಹಳಷ್ಟು ಏಷ್ಯಾದ ದುರ್ಬಲ ತಂಡಗಳ ವಿರುದ್ಧ ಬಂದವು. ಹಾಗೆಂದು ಓಹಾತ ಅವರ ಸಾಧನೆಯನ್ನು ಕಡೆಗಣಿಸುವುದು ಸರಿಯಲ್ಲ. ಎದುರಿಗೆ ಬಂದ ತಂಡವನ್ನೇ ಅವರು ಆಡಬೇಕಿತ್ತು. ಎರಡು ಸಾಲು ಬೇರೆ ಬೇರೆ ಬರೆಯಿರಿ: ಬಲಿಷ್ಠ ತಂಡಗಳ ವಿರುದ್ಧ ಎಷ್ಟು, ಉಳಿದವರ ವಿರುದ್ಧ ಎಷ್ಟು. ಲೋಮು ಅವರಂಥವರ ವಿಷಯದಲ್ಲೂ ಈ ಸಾಲು ಏನನ್ನೋ ಹೇಳುತ್ತದೆ: ಇಡೀ ಟೆಸ್ಟ್ ಬದುಕಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಅವರಿಗೆ ಒಂದು ಟ್ರೈಯೂ ದಕ್ಕಲಿಲ್ಲ.

ಮಹಿಳೆಯರ ಆಟದಲ್ಲಿ ಈ ಎಚ್ಚರ ಇನ್ನೂ ಅಗತ್ಯ, ಏಕೆಂದರೆ ತಂಡಗಳ ನಡುವಿನ ಅಂತರ ಅಲ್ಲಿ ಬಹುಕಾಲ ದೊಡ್ಡದಾಗಿತ್ತು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡಿನ ಪೋರ್ಷಿಯಾ ವುಡ್‌ಮನ್ ಗಳಿಸಿದ 13 ಟ್ರೈಗಳಲ್ಲಿ ಎಂಟು ಹಾಂಗ್‌ಕಾಂಗ್ ವಿರುದ್ಧದ ಒಂದೇ ಪಂದ್ಯದಲ್ಲಿ ಬಂದವು. ಅದೇ ವಿಶ್ವಕಪ್‌ನ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮೂರು ಟ್ರೈ ಹೊಡೆದವರು ಟೋಕಾ ನಟುವಾ, ಅದೂ ಪ್ರಾಪ್ ಸ್ಥಾನದಿಂದ. ವುಡ್‌ಮನ್ ಅವರ ವೇಗವನ್ನು ನಾನು ಬಹಳ ಮೆಚ್ಚುತ್ತೇನೆ, ಆದರೆ ಆ ಮೂರು ಟ್ರೈಗಳ ತೂಕವನ್ನು ಎಂಟಕ್ಕಿಂತ ಹೆಚ್ಚೆಂದೇ ಬರೆಯುತ್ತೇನೆ.

ಹಂತ 5: ಕಾಲದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಅಂತರರಾಷ್ಟ್ರೀಯ ರಗ್ಬಿ 1871ರಲ್ಲಿ ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯದಿಂದ ಆರಂಭವಾಯಿತು. ಆ ಎರಡು ತಂಡಗಳು ಇಂದಿಗೂ ಆಡುವುದು ಕಲ್ಕತ್ತಾ ಕಪ್‌ಗಾಗಿ. ಕಲ್ಕತ್ತಾದ ರಗ್ಬಿ ಕ್ಲಬ್ ಮುಚ್ಚಿದಾಗ ಅದರ ಖಾತೆಯಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ ಬಟ್ಟಲು ಅದು, ಹಿಡಿಕೆಗಳು ನಾಗರ ಹಾವಿನ ಆಕಾರದವು, ಮುಚ್ಚಳದ ಮೇಲೊಂದು ಆನೆ. ಇಷ್ಟು ಹಳೆಯ ಆಟದಲ್ಲಿ ನಿಯಮಗಳು ಒಂದೇ ಆಗಿ ಉಳಿದಿರುವುದು ಸಾಧ್ಯವಿಲ್ಲ.

ಹೋಲಿಕೆಗೆ ಮುಖ್ಯವಾದ ಬದಲಾವಣೆಗಳು ಕೆಲವಿವೆ. ಟ್ರೈಗೆ 1971ರವರೆಗೆ ಮೂರೇ ಅಂಕ, ಆಮೇಲೆ ನಾಲ್ಕು, 1992ರಿಂದ ಐದು. ಆದ್ದರಿಂದ ಹಳಬರ ವಿಷಯದಲ್ಲಿ ಅಂಕ ಬಿಟ್ಟು ಟ್ರೈಗಳನ್ನೇ ಎಣಿಸಬೇಕು. 1995ರ ಆಗಸ್ಟ್‌ವರೆಗೆ ಆಟ ಅಧಿಕೃತವಾಗಿ ಹವ್ಯಾಸಿಗಳದಾಗಿತ್ತು, ಆಟಗಾರರು ಬೇರೆ ಉದ್ಯೋಗ ಮಾಡಿಕೊಂಡು ಆಡುತ್ತಿದ್ದರು. ತಂತ್ರದ ಕಾರಣಕ್ಕೆ ಬದಲಿ ಆಟಗಾರರನ್ನು ಇಳಿಸಲು ಅವಕಾಶ ಸಿಕ್ಕಿದ್ದು 1996ರಿಂದ. ಈಗ ಎಂಟು ಜನ ಬದಲಿಗಳಿರುತ್ತಾರೆ, ಕೊನೆಯ ಹತ್ತು ನಿಮಿಷ ಆಡಿದವನಿಗೂ ಒಂದು ಟೆಸ್ಟ್ ಲೆಕ್ಕಕ್ಕೆ ಸೇರುತ್ತದೆ. ಗ್ಯಾರೆತ್ ಎಡ್ವರ್ಡ್ಸ್ 1967ರಿಂದ 1978ರವರೆಗೆ ವೇಲ್ಸ್ ಪರ ಆಡಿದ್ದು ಸತತ 53 ಟೆಸ್ಟ್. ನ್ಯೂಜಿಲೆಂಡಿನ ಸ್ಯಾಮ್ ವೈಟ್‌ಲಾಕ್ 2010ರಿಂದ 2023ರವರೆಗೆ ಆಡಿದ್ದು 153. ಆಗ ವರ್ಷಕ್ಕೆ ನಡೆಯುತ್ತಿದ್ದ ಟೆಸ್ಟ್‌ಗಳೇ ಕಡಿಮೆ. ಹಾಗಾಗಿ ಟೆಸ್ಟ್‌ಗಳ ಸಂಖ್ಯೆಯ ಬದಲು ‘ಎಷ್ಟು ವರ್ಷ ತಂಡದ ಮೊದಲ ಆಯ್ಕೆಯಾಗಿದ್ದರು’ ಎಂದು ಕೇಳಿ.

ದಕ್ಷಿಣ ಆಫ್ರಿಕಾದ ಆಟಗಾರರ ವಿಷಯ ಪ್ರತ್ಯೇಕ. ವರ್ಣಭೇದ ನೀತಿಯ ಕಾರಣದಿಂದ ಆ ದೇಶ 1987 ಮತ್ತು 1991ರ ವಿಶ್ವಕಪ್‌ಗಳಲ್ಲಿ ಇರಲಿಲ್ಲ. ಸೆಂಟರ್ ಡ್ಯಾನಿ ಗರ್ಬರ್ 1980ರಿಂದ 1992ರ ನಡುವೆ ಆಡಲು ಸಿಕ್ಕಿದ್ದು 24 ಟೆಸ್ಟ್ ಮಾತ್ರ. ಅಷ್ಟರಲ್ಲೇ 19 ಟ್ರೈ. ಆದರೆ ಗರ್ಬರ್ ಅವರಿಗೆ ತಪ್ಪಿಹೋದ ಪಂದ್ಯಗಳನ್ನು ನೆನೆಯುವಾಗ, ಅದೇ ದೇಶದ ಕಪ್ಪು ಆಟಗಾರರಿಗೆ ಆ ಅಂಗಿಯೇ ಸಿಗಲಿಲ್ಲ ಎಂಬುದನ್ನೂ ನೆನೆಯಬೇಕು. ಎರಲ್ ಟೊಬಯಾಸ್ ದಕ್ಷಿಣ ಆಫ್ರಿಕಾ ಪರ ಟೆಸ್ಟ್ ಆಡಿದ ಮೊದಲ ಕಪ್ಪು ಆಟಗಾರರಾದದ್ದು 1981ರಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಪ್ರತಿಭಾವಂತರ ಹೆಸರು ಯಾವ ಹೋಲಿಕೆಯಲ್ಲೂ ಬರುವುದಿಲ್ಲ. ಹಳೆಯ ಪಟ್ಟಿಗಳನ್ನು ‘ಸಾರ್ವಕಾಲಿಕ’ ಎಂದು ಕರೆಯುವಾಗ ನನಗೆ ಅಳುಕಾಗುವುದು ಇದೇ ಕಾರಣಕ್ಕೆ.

ಹಂತ 6: ತಂಡದ ಬಲವನ್ನು ಆಟಗಾರನ ಬಲದಿಂದ ಬೇರ್ಪಡಿಸಿ

ನ್ಯೂಜಿಲೆಂಡಿನ ಫ್ಲ್ಯಾಂಕರ್ ರಿಚೀ ಮೆಕಾ 148 ಟೆಸ್ಟ್ ಆಡಿ 131ರಲ್ಲಿ ಗೆದ್ದರು, 110 ಟೆಸ್ಟ್‌ಗಳಲ್ಲಿ ನಾಯಕರಾಗಿದ್ದರು, 2011 ಮತ್ತು 2015ರ ವಿಶ್ವಕಪ್‌ಗಳನ್ನು ಎತ್ತಿಹಿಡಿದರು. ಇಟಲಿಯ ಸೆರ್ಜಿಯೊ ಪರಿಸ್ಸೆ 142 ಟೆಸ್ಟ್ ಆಡಿ ನೂರಕ್ಕೂ ಹೆಚ್ಚು ಪಂದ್ಯಗಳಲ್ಲಿ ಸೋತರು. ಗೆಲುವಿನ ಪ್ರಮಾಣವೇ ಅಳತೆಯಾದರೆ ಪರಿಸ್ಸೆ ಈ ಚರ್ಚೆಗೇ ಬರುವಂತಿಲ್ಲ. ಆದರೆ ತನ್ನ ಎಂಟು ಜನರ ಸ್ಕ್ರಮ್ ಹಿಂದಕ್ಕೆ ಸರಿಯುತ್ತಿರುವಾಗಲೂ ಅದರ ಬುಡದಿಂದ ಚೆಂಡನ್ನು ಹೆಕ್ಕಿ ಮುಂದೆ ಒಯ್ಯುವ, ಮೈಮೇಲೆ ಇಬ್ಬರು ಬಿದ್ದಿರುವಾಗಲೂ ಒಂದೇ ಕೈಯಿಂದ ಜೊತೆಗಾರನಿಗೆ ಚೆಂಡು ದಾಟಿಸುವ ನಂಬರ್ ಎಯ್ಟ್ ಅವರಾಗಿದ್ದರು. ಸೋಲುವ ತಂಡದಲ್ಲಿದ್ದೂ 2008 ಮತ್ತು 2013ರಲ್ಲಿ ಅವರು ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು. 2013ರಲ್ಲಿ ಅದು ನ್ಯೂಜಿಲೆಂಡಿನ ನಂಬರ್ ಎಯ್ಟ್ ಕೀರನ್ ರೀಡ್ ಅವರ ಪಾಲಾಯಿತು.

ನಾನು ಅನುಸರಿಸುವ ಕ್ರಮ ಸರಳ. ಮೊದಲು, ಆ ತಂಡ ಅವನಿಲ್ಲದೆ ಆಡಿದ ಪಂದ್ಯಗಳನ್ನು ನೋಡುತ್ತೇನೆ. ಕಾರ್ಟರ್ ವಿಷಯದಲ್ಲಿ ಇದು ಕಠಿಣ ಪ್ರಶ್ನೆ ಎಬ್ಬಿಸುತ್ತದೆ: 2011ರ ವಿಶ್ವಕಪ್‌ನ ನಡುವೆ ಅವರು ಗಾಯಗೊಂಡು ಹೊರಬಿದ್ದರೂ ನ್ಯೂಜಿಲೆಂಡ್ ಗೆದ್ದಿತು, ಫೈನಲ್‌ನಲ್ಲಿ ಫ್ರಾನ್ಸನ್ನು 8–7ರಿಂದ ದಾಟಿದ ಪೆನಾಲ್ಟಿ ಒದ್ದವರು ಸ್ಟೀಫನ್ ಡೊನಾಲ್ಡ್. ನಂತರ ಗೆದ್ದ ಅಂತರವನ್ನೂ ನೋಡುತ್ತೇನೆ. ಆ ಒಂದು ಅಂಕದ ಅಂತರ, ಕಾರ್ಟರ್ ಇಲ್ಲದ ತಂಡ ಎಷ್ಟು ಏದುಸಿರು ಬಿಟ್ಟಿತು ಎಂಬುದನ್ನು ಹೇಳುತ್ತದೆ. ಕೊನೆಯದಾಗಿ, ತಂಡ ಸೋತ ದಿನ ಅವನು ಹೇಗೆ ಆಡಿದ ಎಂದು ನೋಡುತ್ತೇನೆ. ಈ ಕೊನೆಯ ನೋಟದಲ್ಲಿ ಪರಿಸ್ಸೆ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ಹಂತ 7: ಪಂದ್ಯವನ್ನು ಎರಡನೆಯ ಸಲ ನೋಡಿ, ಕೈಯಾರೆ ಎಣಿಸಿ

ಇದೇ ಅತಿ ಮುಖ್ಯವಾದ ಹಂತ, ಹೆಚ್ಚಿನವರು ಬಿಟ್ಟುಬಿಡುವ ಹಂತವೂ ಇದೇ. ಕಾಫಿ ತೋಟಗಳಲ್ಲಿ ಆಳುಗಳ ಹಾಜರಿ ಬರೆಯಲು ಬಳಸುವ ಚೆಕ್‌ರೋಲ್ ಪುಸ್ತಕ ಇದಕ್ಕೆ ಬಹಳ ಅನುಕೂಲ: ಎಡಗಡೆ ಹೆಸರು, ಬಲಕ್ಕೆ ಮೂವತ್ತೊಂದು ಕಿರಿದಾದ ಕಾಲಂಗಳು. ಕಾಲಂಗಳಲ್ಲಿ ದಿನಾಂಕದ ಬದಲು ಕೆಲಸಗಳ ಹೆಸರು ಬರೆದುಕೊಳ್ಳಿ. ಮೊದಲ ಸಲ ಪಂದ್ಯವನ್ನು ಸುಮ್ಮನೆ ಆನಂದಿಸಿ. ಎರಡನೆಯ ಸಲ ಒಬ್ಬನನ್ನೇ ಹಿಂಬಾಲಿಸಿ, ಚೆಂಡನ್ನಲ್ಲ. ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗುವುದರಿಂದ ಅವನು ಪರದೆಯಿಂದ ಮರೆಯಾಗುವ ಸಮಯವನ್ನೂ ಗುರುತು ಹಾಕಿ. ಮರೆಯಾದವನು ಮತ್ತೆ ಎಲ್ಲಿ ಕಾಣಿಸಿಕೊಂಡ ಎಂಬುದೇ ಒಂದು ಮಾಹಿತಿ.

ಫ್ಲ್ಯಾಂಕರ್ ಆದರೆ ಮಾಡಿದ ಟ್ಯಾಕಲ್, ತಪ್ಪಿದ ಟ್ಯಾಕಲ್, ರಕ್‌ಗೆ (ನೆಲದ ಮೇಲಿನ ಚೆಂಡಿಗಾಗಿ ಎರಡೂ ತಂಡದವರು ನಿಂತು ತಳ್ಳಾಡುವ ಗುಂಪು) ತಲುಪಿದ ಕ್ರಮಾಂಕ, ಕಸಿದುಕೊಂಡ ಚೆಂಡು, ಕೊಟ್ಟ ಪೆನಾಲ್ಟಿ, ಇವಿಷ್ಟು ಕಾಲಂ ಸಾಕು. ಚೆಂಡು ಕಸಿಯುವ ಕಲೆಯನ್ನು ನಿಧಾನಗತಿಯಲ್ಲಿ ನೋಡಬೇಕು. ಟ್ಯಾಕಲ್ ಆಗಿ ಬಿದ್ದವನು ಚೆಂಡನ್ನು ಬಿಡಲೇಬೇಕು; ರಕ್ ಏರ್ಪಡುವ ಮುಂಚೆ ಎದುರಾಳಿ ತನ್ನ ಕಾಲ ಮೇಲೆ ನಿಂತು ಚೆಂಡಿಗೆ ಕೈ ಹಾಕಿದರೆ ಚೆಂಡು ಅವನಿಗೆ ಸಿಗುತ್ತದೆ, ಬಿದ್ದವನು ಬಿಗಿಹಿಡಿದರೆ ಪೆನಾಲ್ಟಿ ಸಿಗುತ್ತದೆ. ಈ ಅವಕಾಶ ತೆರೆದಿರುವುದು ಒಂದೆರಡು ಸೆಕೆಂಡು ಮಾತ್ರ. ಮೆಕಾ ಅವರ ದೊಡ್ಡತನ ಇದ್ದದ್ದು ಯಾವ ರಕ್‌ಗೆ ಕೈ ಹಾಕಬೇಕು, ಯಾವುದನ್ನು ಬಿಟ್ಟು ರಕ್ಷಣಾ ಸಾಲಿಗೆ ಮರಳಬೇಕು ಎಂಬ ಆಯ್ಕೆಯಲ್ಲಿ. ಎಣಿಸುತ್ತಾ ಕುಳಿತಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಅಭ್ಯಾಸಕ್ಕೆ 2023ರ ವಿಶ್ವಕಪ್ ಫೈನಲ್ ತೆಗೆದುಕೊಳ್ಳಿ. ನಮ್ಮಲ್ಲಿ ಅದು ನಡುರಾತ್ರಿ ಹನ್ನೆರಡೂವರೆಗೆ ಶುರುವಾಗಿತ್ತು, ಆದ್ದರಿಂದ ಮರುದಿನ ನೋಡಿದವರೇ ಹೆಚ್ಚು. ದಕ್ಷಿಣ ಆಫ್ರಿಕಾ 12, ನ್ಯೂಜಿಲೆಂಡ್ 11. ದಕ್ಷಿಣ ಆಫ್ರಿಕಾದ ಹನ್ನೆರಡೂ ಅಂಕ ಪೊಲಾರ್ಡ್ ಅವರ ನಾಲ್ಕು ಪೆನಾಲ್ಟಿಗಳಿಂದ ಬಂದವು. ಆದರೆ ಪಂದ್ಯದ ಶ್ರೇಷ್ಠ ಆಟಗಾರರಾದವರು 28 ಟ್ಯಾಕಲ್ ಮಾಡಿದ ಫ್ಲ್ಯಾಂಕರ್ ಪೀಟರ್-ಸ್ಟೆಫ್ ಡು ಟಾಯ್ಟ್. ಅವರೊಬ್ಬರನ್ನೇ ಎಂಬತ್ತು ನಿಮಿಷ ಹಿಂಬಾಲಿಸಿ ನೋಡಿ: ಒಬ್ಬನನ್ನು ಕೆಡವಿ, ಎದ್ದು, ಮುಂದಿನ ಸಾಲಿನಲ್ಲಿ ಜಾಗ ಹಿಡಿದು, ಮತ್ತೊಬ್ಬನನ್ನು ಕೆಡವುವ ನಡುವೆ ಅವರು ನಡೆಯುವುದೇ ಇಲ್ಲ. ಎದುರಾಳಿ ನಾಯಕ ಸ್ಯಾಮ್ ಕೇನ್ ಕೆಂಪು ಕಾರ್ಡ್ ಪಡೆದು ಹೊರಗಿದ್ದುದರಿಂದ ನ್ಯೂಜಿಲೆಂಡ್ ಪಂದ್ಯದ ಬಹುಭಾಗವನ್ನು ಹದಿನಾಲ್ಕು ಜನರೊಂದಿಗೆ ಆಡಿತು ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ಯಾವ ಕಾಲಂಗೂ ಸೇರದ ಘಟನೆಗಳಿಗೆ ಪುಟದ ಕೆಳಗೆ ಜಾಗ ಬಿಡಿ. ಅದೇ ವಿಶ್ವಕಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸ್‌ನ ತೋಮಾ ರಾಮೋಸ್ ಕನ್ವರ್ಷನ್ ಒದೆಯಲು ಮುಂದಡಿಯಿಟ್ಟ ಕ್ಷಣಕ್ಕೇ ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬೆ ಗೋಲ್ ಗೆರೆಯಿಂದ ಹಾರಿ ಓಡಿ ಬಂದು ಚೆಂಡಿಗೆ ಮೈಯೊಡ್ಡಿ ತಡೆದರು. ಪಂದ್ಯ ಮುಗಿದಾಗ ದಕ್ಷಿಣ ಆಫ್ರಿಕಾ 29, ಫ್ರಾನ್ಸ್ 28. ಕೋಲ್ಬೆ ಅಂದು ಒಂದು ಟ್ರೈಯನ್ನೂ ಗಳಿಸಿದ್ದರು. ಅದು ಅವರ ಹೆಸರಿನ ಮುಂದೆ ಇದೆ. ತಡೆದ ಆ ಎರಡು ಅಂಕ ಯಾರ ಲೆಕ್ಕದಲ್ಲೂ ಇಲ್ಲ.

ಹಂತ 8: ತೀರ್ಮಾನವನ್ನು ಕಾರಣಸಹಿತ ಬರೆಯಿರಿ

ಈಗ ಎಲ್ಲ ಹಂತಗಳನ್ನೂ ಒಂದು ಜೋಡಿಯ ಮೇಲೆ ನಡೆಸೋಣ: ಸ್ಕ್ರಮ್ ಹಾಫ್ ಸ್ಥಾನದ ಎಡ್ವರ್ಡ್ಸ್ ಮತ್ತು ಡ್ಯುಪಾಂ. ಕೆಲಸ ಒಂದೇ: ಚೆಂಡನ್ನು ಬೇಗ ಹೊರತರುವುದು, ದೂರಕ್ಕೆ ನಿಖರವಾಗಿ ಪಾಸ್ ಮಾಡುವುದು, ಒದೆಯುವುದು, ರಕ್‌ನ ಅಂಚಿನಲ್ಲಿ ಸಂದು ಕಂಡರೆ ನುಗ್ಗುವುದು. ಅಂಕಗಳ ಮೊತ್ತವನ್ನು ಹೋಲಿಸುವಂತಿಲ್ಲ, ಏಕೆಂದರೆ ಎಡ್ವರ್ಡ್ಸ್ ಕಾಲದಲ್ಲಿ ಟ್ರೈಯ ಬೆಲೆಯೇ ಬೇರೆ. ಅವರು ವೇಲ್ಸ್ ಪರ ಗಳಿಸಿದ್ದು 20 ಟ್ರೈ. ತಂಡದ ಬಲ ಇಬ್ಬರಿಗೂ ಇತ್ತು. 1970ರ ದಶಕದ ವೇಲ್ಸ್ 1971, 1976, 1978ರಲ್ಲಿ ಗ್ರ್ಯಾಂಡ್ ಸ್ಲ್ಯಾಮ್ (ಯುರೋಪಿನ ವಾರ್ಷಿಕ ಟೂರ್ನಿಯ ಎಲ್ಲ ಪಂದ್ಯಗಳ ಗೆಲುವು) ಗೆದ್ದರೆ, ಡ್ಯುಪಾಂ ಅವರ ಫ್ರಾನ್ಸ್ 2022ರಲ್ಲಿ ಗೆದ್ದಿತು. ಎದುರಾಳಿಗಳ ವಿಷಯದಲ್ಲಿ ಎಡ್ವರ್ಡ್ಸ್ ಅವರಿಗೆ ಒಂದು ದೊಡ್ಡ ಸಾಕ್ಷ್ಯವಿದೆ: 1971ರಲ್ಲಿ ನ್ಯೂಜಿಲೆಂಡಿನಲ್ಲಿ, 1974ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸರಣಿ ಗೆದ್ದ ಲಯನ್ಸ್ ತಂಡಗಳ ಸ್ಕ್ರಮ್ ಹಾಫ್ ಅವರೇ. ಡ್ಯುಪಾಂ 2021ರಲ್ಲಿ ವರ್ಷದ ಶ್ರೇಷ್ಠ ಆಟಗಾರರಾದರು, ಎರಡೂ ಕಾಲಿನಿಂದ ಸಮನಾಗಿ ಒದೆಯುತ್ತಾರೆ, ಟ್ಯಾಕಲ್‌ನಲ್ಲಿ ತನಗಿಂತ ಬಹಳ ದೊಡ್ಡವರನ್ನು ನಿಲ್ಲಿಸುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರು ಗೆದ್ದ ಚಿನ್ನ ಏಳು ಜನರ ರಗ್ಬಿಯದು. ಅದು ಬೇರೆ ಆಟವಾದ್ದರಿಂದ ಈ ಲೆಕ್ಕಕ್ಕೆ ಸೇರಿಸುವುದಿಲ್ಲ.

ನನ್ನ ಪುಸ್ತಕದಲ್ಲಿ ಉಚ್ಛ್ರಾಯದ ಕಾಲಂನಲ್ಲಿ ಡ್ಯುಪಾಂ ಹೆಸರಿದೆ. ಅವರಷ್ಟು ಬಗೆಯ ಕೆಲಸಗಳನ್ನು ಅಷ್ಟು ಮೇಲ್ಮಟ್ಟದಲ್ಲಿ ಮಾಡಿದ ಸ್ಕ್ರಮ್ ಹಾಫ್ ಇನ್ನೊಬ್ಬರಿಲ್ಲ. ಇಡೀ ಆಟದ ಬದುಕಿನ ಕಾಲಂನಲ್ಲಿ ಎಡ್ವರ್ಡ್ಸ್ ಹೆಸರಿದೆ. ಹನ್ನೊಂದು ವರ್ಷ ವೇಲ್ಸ್‌ನ ಒಂದು ಟೆಸ್ಟ್ ಕೂಡ ತಪ್ಪಿಸದೆ ಮೊದಲ ಆಯ್ಕೆಯಾಗಿ ಉಳಿದವರು ಅವರು. 2025ರ ಮಾರ್ಚ್‌ನಲ್ಲಿ ಡಬ್ಲಿನ್‌ನಲ್ಲಿ ಮೊಣಕಾಲಿಗೆ ತೀವ್ರ ಗಾಯ ಮಾಡಿಕೊಂಡ ಡ್ಯುಪಾಂ ಅವರ ಎರಡನೆಯ ಕಾಲಂ ಇನ್ನೂ ಪೂರ್ತಿಯಾಗಿಲ್ಲ, ಆದ್ದರಿಂದ ಅದನ್ನು ಪೆನ್ಸಿಲ್‌ನಲ್ಲೇ ಬರೆದಿದ್ದೇನೆ.

ಮುಂದಿನ ವಿಶ್ವಕಪ್ 2027ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ನಡೆಯಲಿದೆ. ತಂಡಗಳ ಸಂಖ್ಯೆ 20ರಿಂದ 24ಕ್ಕೆ ಏರುವುದರಿಂದ ಗುಂಪು ಹಂತದಲ್ಲಿ ಏಕಪಕ್ಷೀಯ ಪಂದ್ಯಗಳು ಹೆಚ್ಚುವ ಸಂಭವವಿದೆ. ಆಗ ಟ್ರೈಗಳ ದಾಖಲೆಗಳು ಮುರಿದರೆ, ಗುಂಪು ಹಂತದ ಟ್ರೈಗಳನ್ನು ಒಂದು ಸಾಲಿನಲ್ಲೂ ನಾಕೌಟ್ ಪಂದ್ಯಗಳ ಟ್ರೈಗಳನ್ನು ಇನ್ನೊಂದು ಸಾಲಿನಲ್ಲೂ ಮೊದಲ ದಿನದಿಂದಲೇ ಬೇರೆ ಬೇರೆ ಬರೆಯುತ್ತಾ ಬನ್ನಿ. ಅಲ್ಲಿನ ಸಂಜೆಯ ಪಂದ್ಯಗಳು ನಮಗೆ ಮಧ್ಯಾಹ್ನವೇ ಸಿಗುವುದರಿಂದ, ಅದೇ ರಾತ್ರಿ ಎರಡನೆಯ ಸಲ ನೋಡಿ ಪುಟ ತುಂಬಿಸಲು ಸಮಯವೂ ಇರುತ್ತದೆ.